‘ನೀ’ ಹೋಗಿ ‘ನೀವು’ ಆದ ಮಧ್ಯಾಹ್ನ

ಮಾತು ಶುರು ಮಾಡುವ ಮೊದಲು ಬಾಯಾರ ಕುತ್ತಿಗೆಯ ಎಡಬದಿಯಲ್ಲಿ ನರವೊಂದು ಎದ್ದು ನಿಲ್ಲುತ್ತಿತ್ತು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಬಾಯಾರು ಅನ್ನುತ್ತಾರೆ. ನನ್ನ ಪಾಲಿಗೆ ಮಾತ್ರ ಬಾಯಾರೆಂದರೆ ಇವರೊಬ್ಬರೇ. ನಿಪ್ಪಾಣಿಯಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ನಾನೂ ಕಲಿಸತೊಡಗಿದ ಮೇಲೂ ನನ್ನನ್ನು ತಿದ್ದುವುದು ಬಿಡಲಿಲ್ಲ.

ವಾಚನಾಲಯದ ಸಭಾಗೃಹದಲ್ಲಿ ಆಗಾಗ ಪರದೇಶದ ಸಿನಿಮಾ ತೋರಿಸುತ್ತಿದ್ದರು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಓದಲಾರದವರೇ ಹೆಚ್ಚು. ಬಾಯಾರು ಪಕ್ಕದಲ್ಲಿ ಮೈಕ್ ಹಿಡಿದು ನಿಂತು ಮಾತುಗಳನ್ನೆಲ್ಲ ಮೊದಲು ಕನ್ನಡದಲ್ಲಿ, ಹಿಂದೆಯೇ ಮರಾಠಿಯಲ್ಲಿ ಹೇಳುವರು. ಸಿನಿಮಾಕ್ಕೆ ಮುಂಚೆ ನಾವಿಬ್ಬರೂ ಕೂತು ಮಾತು ಹೊಂದಿಸುತ್ತಿದ್ದೆವು. ನಾನು ಎಲ್ಲಾದರೂ ನಯ ಮಾಡಲು ಹೋದರೆ ರೇಗುವರು: “ಮೆತ್ತಗ ಮಾಡಬ್ಯಾಡವಾ. ಅಕಿ ಏನ ಅಂದಾಳ, ಅದನ್ನ ಹೇಳ.”

ಆ ಸಲದ್ದು ಕಾದಂಬರಿಯೊಂದರಿಂದ ಮಾಡಿದ ಸಿನಿಮಾ. ದೇಶದೊಳಗೆ ಸೈನ್ಯ ನುಗ್ಗಿದೆ. ಗಂಡ ಇನ್ನೊಬ್ಬಳನ್ನೂ ಬಿಡಲಾರ, ಹೆಂಡತಿಯನ್ನೂ ಬಿಡಲಾರ. ಗಂಡ ಹೆಂಡತಿ ದೇಶ ಬಿಟ್ಟು ಓಡಿಹೋಗುವಾಗ ಗಡಿಯ ಗೇಟಿನಲ್ಲಿ ಹೆಂಡತಿ ನಿಂತುಬಿಡುತ್ತಾಳೆ. “ನೀನು ಸ್ವತಂತ್ರ” ಎನ್ನುತ್ತಾಳೆ.

ಬಾಯಾರ ಯಜಮಾನರದು ತಂಬಾಕಿನ ವ್ಯಾಪಾರ. ನಾನು ಕಾಕಾ ಎನ್ನುತ್ತಿದ್ದೆ. ಹತ್ತಿರದ ಅಕ್ಕೋಳದಲ್ಲಿ ಅವರಿಗೆ ಇನ್ನೊಬ್ಬಳೊಂದಿಗೆ ಇನ್ನೊಂದು ಮನೆಯಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಾಯಾರ ಬಾಯಲ್ಲಿ ಮಾತ್ರ ಅದು ಎಂದೂ ಬಂದದ್ದಿಲ್ಲ. ಎಲ್ಲರ ಮಾತನ್ನೂ ಹೇಳುವವರು ತಮ್ಮದನ್ನು ನುಂಗಿಕೊಂಡು ಕೂತಿದ್ದಾರಲ್ಲ ಎಂದು ನನಗೆ ಸಿಟ್ಟು.

ಸಿನಿಮಾ ಇದ್ದ ಮಧ್ಯಾಹ್ನವೇ ಕನ್ನಡ-ಮರಾಠಿ ಗಡಿ ಗಲಾಟೆ ಎದ್ದಿತು. ಬಸ್ಸು ನಿಂತವು, ಅಂಗಡಿಗಳ ಶಟರ್ ಇಳಿದವು. ಅಕ್ಕೋಳದ ರಸ್ತೆಯೂ ಬಂದ್ ಆಗಿತ್ತಲ್ಲ, ಎಂದೂ ಸಿನಿಮಾಕ್ಕೆ ಬಾರದ ಕಾಕಾ ಬಂದು ಮುಂದಿನ ಸಾಲಿನಲ್ಲೇ ಕೂತರು. ನಾನು ಬಾಯಾರ ಬಳಿಗೆ ಸರಿದೆ.

“ಬಾಯಾರ, ಆ ಕಡೀ ಮಾತ ಬಿಟ್ಟಬಿಡೂಣ್ರಿ,” ಎಂದು ಪಿಸುಗುಟ್ಟಿದೆ.

“ಯಾಕ? ಸಿನಿಮಾದಾಗ ಐತಲ್ಲ.”

ಹೊರಗೆ ಘೋಷಣೆ ಜೋರಾಗುತ್ತಿತ್ತು. ಸಿನಿಮಾದುದ್ದಕ್ಕೂ ಆ ಹೆಂಡತಿ ಗಂಡನಿಗೆ ‘ನೀ’ ಎನ್ನುವಂತೆಯೇ ಬಾಯಾರು ಹೇಳುತ್ತ ಬಂದಿದ್ದರು. ಗಡಿಯ ಗೇಟಿನ ದೃಶ್ಯ ಬಂತು. ಅದೇ ಹೊತ್ತಿಗೆ ಕಿಟಕಿಗೊಂದು ಕಲ್ಲು ಬಡಿಯಿತು. ಯಾರೂ ಅತ್ತ ತಿರುಗಲಿಲ್ಲ. ಬಾಯಾರ ಕುತ್ತಿಗೆಯ ನರ ಎದ್ದಿತು.

“ನಿಮಗ ಬಿಡುಗಡಿ ಕೊಟ್ಟೇನ್ರಿ.”

ನಮ್ಮಲ್ಲಿ ಬಿಡುಗಡಿ ಎಂದರೆ ಹಿರಿಯರೆದುರು ಸಂಸಾರ ಮುರಿಯುವ ಮಾತು. ಆ ‘ರಿ’ಯಂತೂ ನಮ್ಮ ಹೆಂಗಸರು ಕಟ್ಟಿಕೊಂಡ ಗಂಡನಿಗೆ ಹಚ್ಚುವಂಥದ್ದು. ಪರದೆಯ ಮೇಲಿನವಳ ‘ನೀ’ ಹೋಗಿ ‘ನೀವು’ ಆಗಿತ್ತು.

ಹಿಂದಿನಿಂದ ಯಾರೋ ಕೂಗಿದರು: “ಬಾಯೀ, ಮರಾಠೀತ ಸಾಂಗಾ!”

ಬಾಯಾರು ಪರದೆ ಬಿಟ್ಟು ಮುಂದಿನ ಸಾಲನ್ನೇ ನೋಡುತ್ತ ಮರಾಠಿಯಲ್ಲೂ ಅದನ್ನೇ ಹೇಳಿದರು. “ಮೀ ತುಮ್ಹಾಲಾ ಮೋಕಳಂ ಕೇಲಂ.”

ಹೊರಗೆ ಭಾಷೆಗಾಗಿ ಕಲ್ಲು ತೂರುತ್ತಿದ್ದರು. ಒಳಗೆ ಎರಡೂ ಭಾಷೆಯವರಿಗೆ ಅರ್ಥವಾದದ್ದು ಒಂದೇ.

ಆಮೇಲೆ ಬಾಯಾರು ಚಿಕ್ಕೋಡಿಯಲ್ಲಿ ಬಾಡಿಗೆ ಮನೆ ಹಿಡಿದರು. “ನೌಕರಿ ಸಲುವಾಗಿ ಹೋಗ್ಯಾಳ,” ಎಂದು ಕಾಕಾ ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗಿದರು. ಬಾಯಾರು ಮತ್ತೆ ಆ ವಿಷಯ ಎತ್ತಲಿಲ್ಲ. ಮನೆಗೆ ಹೋದರೆ ಚಹಾ ಕೊಟ್ಟು, ನನ್ನ ಮಾತು ತಿದ್ದುತ್ತ ಕೂರುವರು. ಅಷ್ಟು ಹಗುರಾಗಿ ನಗುವುದನ್ನು ನಾನು ನೋಡಿದ್ದು ಅಲ್ಲಿಯೇ.

ಹೋದ ವರ್ಷ ಅವರು ತೀರಿಕೊಂಡಾಗ ಕಾಕಾ ಚಿಕ್ಕೋಡಿಯ ಆ ಮನೆಗೆ ಬಂದರು. ಚಪ್ಪಲಿ ಬಿಟ್ಟವರು ಹೊಸ್ತಿಲು ದಾಟದೆ ನಿಂತು ನನ್ನನ್ನು ಕೇಳಿದರು.

“ಅವತ್ತ ಅಕಿ ಅದನ್ನ ನನಗ ಅಂದ್ಲೇನವಾ, ಇಲ್ಲಾ ಸಿನಿಮಾದಾಂವಗ?”

ಸಿನಿಮಾದವನಿಗೆ ಎಂದುಬಿಟ್ಟಿದ್ದರೆ ಮುದುಕರು ಗಂಡನಾಗಿ ಒಳಗೆ ಬರುತ್ತಿದ್ದರು. ಅವರ ಮುಖ ನೋಡಿ ನನಗೆ ಅಳು ಬಂತು. ಮೆತ್ತಗಿನ ಮಾತು ನಾಲಿಗೆಯ ತುದಿಗೇ ಬಂದಿತ್ತು. ಒಳಗೆ ಬಾಯಾರು ಮಲಗಿದ್ದರು.

“ನಿಮಗ ಅಂದದ್ದರಿ, ಕಾಕಾ,” ಎಂದೆ.