ತುಟಿಯ ನಡುವೆ ಒಂದು ಗೇಣು ದಾರ

ಅಕ್ಕನ ತುಟಿಗಳ ನಡುವೆ ಸದಾ ಒಂದು ಗೇಣು ಬಿಳಿ ದಾರ ಇರುತ್ತಿತ್ತು. ಅದರ ತುದಿ ಗದ್ದದ ಮೇಲೆ ಇಳಿಬಿದ್ದು, ಮೂಗಿನ ಉಸಿರಿಗೆ ಮೆಲ್ಲಗೆ ಅಲ್ಲಾಡುತ್ತಿತ್ತು. ಗಿರಾಕಿ ಬಂದರೆ ದಾರ ಕಿವಿಯ ಮೇಲೆ, ಮಾತು ಮುಗಿದ ಕೂಡಲೇ ಮತ್ತೆ ಬಾಯಿಗೆ. ಸೂಜಿಗೆ ಪೋಣಿಸಲು ಕೈಗೆ ಸಿಗಲಿ ಎಂದು ಹಾಗೆ ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರು. ಪಿಯುಸಿಯಲ್ಲಿ ಫೇಲಾದ ಮೇಲೆ ನಾನು ನಮ್ಮೂರು ಜಡೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಅವರ ಹತ್ತಿರ ಹೊಲಿಗೆ ಕಲಿಯುತ್ತಿದ್ದೆ. ಕಲಿಯುತ್ತಿದ್ದೆ ಅನ್ನುವುದಕ್ಕಿಂತ ತೂಕಡಿಸುತ್ತಿದ್ದೆ ಅನ್ನುವುದೇ ಸರಿ. ಬಸ್ಸಿನಲ್ಲಿ ತೂಕಡಿಕೆ, ಮಷೀನಿನ ಮುಂದೆಯೂ ತೂಕಡಿಕೆ. ಮನೆಯಲ್ಲಿ ನನ್ನನ್ನು ಮೈಗಳ್ಳಿ ಎಂದು ತೀರ್ಮಾನಿಸಿಯಾಗಿತ್ತು, ನಾನೂ ಒಪ್ಪಿಕೊಂಡಿದ್ದೆ. ಹೊಲಿಗೆಯೂ ಕೈಬಿಟ್ಟರೆ ನನಗೆ ಬೇರೆ ದಾರಿಯಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಒಂದು ಮಧ್ಯಾಹ್ನ ಮದುಮಗಳ ರೇಷ್ಮೆ ಬ್ಲೌಸಿನ ಎರಡೂ ತೋಳುಗಳನ್ನು ಒಂದೇ ಕೈಗೆ ಕತ್ತರಿಸಿಬಿಟ್ಟೆ. ಮಂಪರಿನಲ್ಲಿ ಬಟ್ಟೆ ಮಗುಚಿ ಹಾಕುವುದನ್ನೇ ಮರೆತಿದ್ದೆ. ಎರಡೂ ಎಡತೋಳು. ಬಲತೋಳಿಗೆ ಬಟ್ಟೆ ಉಳಿದಿಲ್ಲ, ಮದುವೆಗೆ ನಾಲ್ಕೇ ದಿನ. ನನ್ನ ಕಥೆ ಮುಗಿಯಿತು ಎಂದು ಅಳುತ್ತಾ ನಿಂತೆ.

ಅಕ್ಕ ದಾರವನ್ನು ಕಿವಿಗೆ ಸಿಕ್ಕಿಸಿದರು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ.

“ರಾತ್ರಿ ನಿದ್ದಿ ಮಾಡ್ತೀಯೇನವ್ವಾ?”

“ಮಾಡ್ತೀನಿ ಅಕ್ಕ. ಒಂಬತ್ತಕ್ಕೇ ಮಲಗ್ತೀನಿ.”

“ಎದ್ದಾಗ ಬಾಯಿ ಹೆಂಗಿರ್ತೈತಿ?”

ಇದೆಂಥ ಪ್ರಶ್ನೆ ಎನಿಸಿತು. “ಒಣಗಿರ್ತದೆ. ತಲೆನೂ ಭಾರ ಇರ್ತದೆ.”

“ಗೊರಕಿ?”

ಗೊರಕೆಯನ್ನು ಯಾವ ಹುಡುಗಿ ತಾನೇ ಒಪ್ಪಿಕೊಂಡಾಳು?

“ನೀ ಬಂದಾಗಿಂದ ನೋಡ್ತಾ ಇದೀನಿ, ನಿನ್ನ ಬಾಯಿ ಮುಚ್ಚಿದ್ದು ಒಂದಿನಾನೂ ಕಂಡಿಲ್ಲ. ನೀ ಮೈಗಳ್ಳಿ ಅಲ್ಲವ್ವಾ. ನಿನಗೆ ಉಸಿರು ನೆಟ್ಟಗೆ ಆಡ್ತಿಲ್ಲ.”

ನನ್ನ ಪರವಾಗಿ ಯಾರೋ ಆಡಿದ ಮೊದಲ ಮಾತು ಅದು. ಅಳು ಇನ್ನೂ ಜೋರಾಯಿತು.

ಗಿರಾಕಿಗೆ ಅಕ್ಕ ಸುಳ್ಳು ಹೇಳಲಿಲ್ಲ. “ನಮ್ಮಿಂದ ತಪ್ಪಾಗೈತ್ರೀ” ಎಂದು ಕೇಳಿಕೊಂಡು, ಸೀರೆಯ ಒಳತುದಿಯಿಂದಲೇ ಒಂದಿಷ್ಟು ಬಟ್ಟೆ ಪಡೆದು ಬಲತೋಳು ಹೊಂದಿಸಿದರು. ಮಾರನೆಯ ದಿನ ಅಂಗಡಿ ಮುಚ್ಚಿ ನನ್ನನ್ನು ಶಿಕಾರಿಪುರದ ಡಾಕ್ಟರ ಬಳಿ ಕರೆದೊಯ್ದರು. ಅಲರ್ಜಿಯಿಂದ ಮೂಗಿನೊಳಗೆ ಬಾವು ಬಂದು ಎಷ್ಟೋ ವರ್ಷಗಳಿಂದ ಕಟ್ಟಿಕೊಂಡಿತ್ತು. ಡಾಕ್ಟರು ಸ್ಪ್ರೇ ಬರೆದುಕೊಟ್ಟರು. ಮೂಗು ಗಾಳಿಯ ಧೂಳು ಸೋಸಿ, ಅದನ್ನು ಬೆಚ್ಚಗೆ, ತೇವ ಮಾಡಿ ಒಳಗೆ ಬಿಡುತ್ತದೆ, ಬಾಯಿಗೆ ಆ ಕೆಲಸ ಬಾರದು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಅದನ್ನು ತಮ್ಮ ಭಾಷೆಗೆ ತಂದರು: “ಮೂಗು ಅಂದ್ರೆ ಲೈನಿಂಗ್ ಇದ್ದಂಗೆ. ಲೈನಿಂಗ್ ಇಲ್ದಿದ್ರೆ ಜರಿ ಮೈಗೆ ಚುಚ್ಚಲ್ವಾ, ಹಂಗೇ ಬಾಯಿಗಾಳಿ ಗಂಟ್ಲಿಗೆ.”

ಔಷಧಕ್ಕೆ ಮೂಗು ತೆರೆಯಿತು. ಬಾಯಿ ಮಾತ್ರ ಹಳೆಯ ಚಟ ಬಿಡಲಿಲ್ಲ. ಆಗ ಅಕ್ಕ ನನಗೂ ಒಂದು ಗೇಣು ದಾರ ಕತ್ತರಿಸಿ ಕೊಟ್ಟರು. “ತುಟಿಯಾಗೆ ಹಿಡಕೋ. ಬಾಯಿ ತೆರೆದ್ರೆ ಬೀಳ್ತೈತಿ. ನಾನೂ ನಿನ್ನಂಗೇ ಇದ್ದೆ.”

ಅವರ ದಾರದ ಗುಟ್ಟು ಆವತ್ತು ತಿಳಿಯಿತು. ಮೊದಲ ದಿನ ನನ್ನದು ಎಷ್ಟು ಸಲ ಬಿತ್ತೋ ದೇವರೇ ಬಲ್ಲ. ಅಕ್ಕನ ಬಾಯಲ್ಲೂ ದಾರವಿದ್ದುದರಿಂದ ಬೈಯುವಂತಿಲ್ಲ. ಬಿದ್ದಾಗಲೆಲ್ಲ ಕತ್ತರಿಯ ಹಿಡಿಯಿಂದ ಟೇಬಲ್ ಕುಟ್ಟುತ್ತಿದ್ದರು. ಇಬ್ಬರೂ ತುಟಿ ಬಿಗಿದು ಕೂತಿದ್ದನ್ನು ಕಂಡು ಪಕ್ಕದ ಬಳೆ ಅಂಗಡಿಯವರು, “ಜಗಳ ಆಡೀರೇನ್ರೀ?” ಎಂದು ಕೇಳಿದ್ದೂ ಉಂಟು.

ಕೆಲವು ತಿಂಗಳು ಹೀಗೇ ಕಳೆದವು. ಒಂದು ಬೆಳಿಗ್ಗೆ ಎದ್ದರೆ ನಾಲಿಗೆ ಒಣಗಿರಲಿಲ್ಲ, ತಲೆ ಹಗುರಾಗಿತ್ತು. ನಾನು ದಿನಾ ಹೋಗುವ ಬಸ್ಸಿನ ದಾರಿಯಲ್ಲಿ ಒಂದು ಕೆರೆ ಇದೆ ಎಂದು ನನಗೆ ಗೊತ್ತಾಗಿದ್ದು ಆವತ್ತೇ. ಆಮೇಲೆ ಕೆಲಸ ಕೈಗೆ ಹತ್ತಿತು. ಈಗ ಸೊರಬದಲ್ಲಿ ನನ್ನದೇ ಅಂಗಡಿಯಿದೆ.

ಕಳೆದ ವರ್ಷ ಅಕ್ಕನ ಹೃದಯ ಸೋಲುತ್ತಾ ಬಂತು. ಆಸ್ಪತ್ರೆಗೆ ಹೋದಾಗ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದ್ದರು. “ಬಾಯಿ ಮುಚ್ಚಿ ಮೂಗಿಂದ ಎಳಕೊಳ್ರೀ ಅಮ್ಮಾ” ಎಂದು ನರ್ಸ್ ಹೇಳುತ್ತಲೇ ಇದ್ದರು, ಬಾಯಿ ತೆರೆದುಕೊಳ್ಳುತ್ತಲೇ ಇತ್ತು. ಅಕ್ಕ ನನ್ನತ್ತ ನೋಡಿ ಎರಡು ಬೆರಳನ್ನು ತುಟಿಗೆ ಮುಟ್ಟಿಸಿದರು. ನಾನು ನನ್ನ ಸೆರಗಿನ ಅಂಚಿನಿಂದ ಒಂದು ಎಳೆ ಹಿರಿದು ಅವರ ತುಟಿಗಳ ನಡುವೆ ಇಟ್ಟೆ. ಅವರ ಕಣ್ಣುಗಳು ನಕ್ಕವು. ಸ್ವಲ್ಪ ಹೊತ್ತು ಉಸಿರು ಸಮಾಧಾನವಾಗಿ ಆಡಿತು.

ಆಮೇಲೆ ದಾರ ಹಾಸಿಗೆಯ ಮೇಲೆ ಬಿತ್ತು. ಮಾತಾಡಲೆಂದೇ ಬಾಯಿ ತೆರೆದಿದ್ದರು.

“ತೋಳು ಕತ್ತರಿಸೋವಾಗ ಬಟ್ಟಿ ಮಗುಚಿ ಹಾಕ್ತೀಯಲ್ಲ?”

“ಹಾಕ್ತೀನಿ ಅಕ್ಕ.”

ದಾರವನ್ನು ಎತ್ತಿ ಮತ್ತೆ ತುಟಿಗಿಟ್ಟೆ. ಮೂರನೆಯ ದಿನ ಅಕ್ಕ ಹೋದರು.

ಆ ದಿನ ಅತ್ತೂ ಅತ್ತೂ ನನ್ನ ಮೂಗು ಪೂರ್ತಿ ಕಟ್ಟಿಹೋಯಿತು. ಸಂಜೆಯವರೆಗೂ ಅವರ ಪಕ್ಕದಲ್ಲಿ ಬಾಯಿ ತೆರೆದುಕೊಂಡೇ ಉಸಿರಾಡುತ್ತಾ ಕೂತಿದ್ದೆ. ಟೇಬಲ್ ಕುಟ್ಟುವವರು ಯಾರೂ ಇರಲಿಲ್ಲ.