ಗುಡ್ಡದ ಬುಡದಲ್ಲಿ ಉಳಿದ ಬೂಟು

ನನಗೆ ಎತ್ತರವೆಂದರೆ ಜೀವ ಹೋಗುವಷ್ಟು ಹೆದರಿಕೆ. ಸದಾಶಿವನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಲು ಹೋದರೂ ಅಂಚಿನ ಹತ್ತಿರ ಸುಳಿಯುವುದಿಲ್ಲ. ಇದನ್ನು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಪಾಠ ಹೇಳಿದವಳು, ಹುಡುಗರ ಮುಂದೆ ಸಣ್ಣವಳಾಗಬಾರದೆಂಬ ಬಿಂಕ. ಎಂಟನೆಯ ತರಗತಿಯವರನ್ನು ಗುಂಜಿಯ ಆಚೆಗಿನ ಗುಡ್ಡ ಹತ್ತಿಸುವುದೆಂದು ಗೊತ್ತಾದಾಗ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನೇ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರಲ್ಲ, ಸ್ಟಾಫ್ ರೂಮಿನಿಂದ ಅದು ಬಹಳ ದೂರವಿತ್ತು.

ಹೊರಡುವ ದಿನ ಬೆಳಿಗ್ಗೆ ಅನಗೋಳದ ನಮ್ಮ ಶಾಲೆಯ ಗೇಟಿನಲ್ಲಿ ಒಬ್ಬ ತಾಯಿ ನನ್ನನ್ನು ತಡೆದು ನಿಲ್ಲಿಸಿದಳು. ಅವಳ ಮಗಳು ಕೊನೆಯ ಬೆಂಚಿನ ಹುಡುಗಿ, ಕೇಳಿದರಷ್ಟೇ ಮಾತು. ಅವರದು ಹಿಂದೆ ಕುರಿ ಕಾಯುತ್ತಿದ್ದ ಮನೆತನ. ಈಗ ಗಂಡ ಕಾರ್ಖಾನೆಯಲ್ಲಿ ಪಗಾರದ ಮೇಲಿದ್ದಾನೆ.

"ಮುಂದ ಯಾರ್ ಹೋಗ್ತಾರಂತ ನಾ ಕೇಳೂದಿಲ್ರಿ ಟೀಚರ್," ಅಂದಳು. "ಹಿಂದ ಯಾರ್ ಇರ್ತಾರ್ರೀ? ನಮ್ಮಪ್ಪ ಹೇಳ್ತಿದ್ದ, ಕುರಿ ಕಳಿಯೂದು ಹಿಂದ ಅಂತ."

"ಎಲ್ಲಾರಕಿಂತ ಹಿಂದ ನಾನ ಇರ್ತೀನಿ. ನೀವು ಚಿಂತಿ ಮಾಡಬ್ಯಾಡ್ರಿ," ಅಂದೆ. ಅವಳು ತಲೆ ಅಲ್ಲಾಡಿಸಿ ಮಗಳ ಕೈ ಬಿಟ್ಟಳು.

ಖಾನಾಪುರ ದಾಟಿ ಗುಂಜಿಗೆ ಬಂದು ಬಸ್ಸು ನಿಲ್ಲಿಸಿ ಗುಡ್ಡದ ಬುಡಕ್ಕೆ ನಡೆದೆವು. ಅಲ್ಲೊಂದು ಕುಂಕುಮ ಹಚ್ಚಿದ ಕಲ್ಲು. ಗುಡ್ಡದ ದೇವರು ಅದೇ. ಅಲ್ಲಿಂದ ಮೇಲೆ ಯಾರೂ ಕಾಲಲ್ಲಿ ಏನನ್ನೂ ಹಾಕುವುದಿಲ್ಲ ಎಂದು ದಾರಿ ತೋರಿಸಲು ಬಂದಿದ್ದ ಊರಿನ ಅಜ್ಜ ಹೇಳಿದ. ಹುಡುಗರು ಕಲ್ಲಿನ ಸುತ್ತ ಸಾಲಾಗಿ ಬೂಟು ಬಿಟ್ಟರು. ಅಜ್ಜ ಮರಾಠಿಯಲ್ಲಿ ಇನ್ನೊಂದು ಮಾತು ಹೇಳಿದ. "ಉತರತಾನಾ ಮಾಗೂನ್ ಹಾಕ್ ಮಾರೂ ನಕಾ." ನಾನು ಅದನ್ನು ಹುಡುಗರಿಗೆ ಕನ್ನಡದಲ್ಲಿ ಹೇಳಿದೆ. ಇಳಿಯುವಾಗ ಹಿಂದಿನಿಂದ ಯಾರನ್ನೂ ಕರೆಯಬಾರದು. ಕರೆದರೆ ಮುಂದಿನವರು ಹೊರಳಿ ನೋಡುತ್ತಾರೆ, ಹೊರಳಿದವರು ಬೀಳುತ್ತಾರೆ. ಹುಡುಗರಿಂದ ಇದನ್ನು ಮೂರು ಸಲ ಹೇಳಿಸಿದೆ. ಹೇಳಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಹತ್ತುವಾಗ ಕೆಳಗೆ ನೋಡದೆ, ಮುಂದಿನವಳ ಜಡೆಯ ರಿಬ್ಬನ್ ನೋಡುತ್ತಾ ಹತ್ತಿದೆ. ತುದಿಗೆ ಸ್ವಲ್ಪ ಮುಂಚೆ ಒಂದು ಬೋಳು ಬಂಡೆ. ಹಿಡಿಯಲು ಎರಡು ಪೊದೆ, ಕಾಲಿಡಲು ನಾಲ್ಕು ಗುಳಿ, ಎಡಕ್ಕೆ ಏನೂ ಇಲ್ಲ. ಹೇಗೆ ಹತ್ತಿದೆನೋ ದೇವರಿಗೇ ಗೊತ್ತು. ಮೇಲೆ ಎಲ್ಲರೂ ಚುರುಮುರಿ ತಿಂದರು. ನನ್ನ ಪಾಲನ್ನೂ ಹುಡುಗರಿಗೇ ಹಂಚಿದೆ. ಇನ್ನು ಇಳಿಯಬೇಕಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಇಳಿಯುವಾಗ ನಮ್ಮ ಜೊತೆ ಬಂದಿದ್ದ ಪಿ.ಟಿ. ಮಾಸ್ತರು ಮುಂದೆ, ನಾನು ಹಿಂದೆ. ಬಂಡೆಯ ಮೇಲೆ ಕೊನೆಗೆ ಉಳಿದವರು ನಾನು ಮತ್ತು ಆ ಕೊನೆಯ ಬೆಂಚಿನ ಹುಡುಗಿ. ಅವಳನ್ನು ಮೊದಲು ಇಳಿಸಬೇಕಿತ್ತು. ಆದರೆ ಅವಳು ಇಳಿದುಹೋದರೆ ಆ ಬಂಡೆಯ ಮೇಲೆ ನಾನೊಬ್ಬಳೇ ಉಳಿಯುತ್ತೇನೆ ಅನ್ನಿಸಿತು. "ನನ್ನ ಹಿಂದ ಬಾ," ಅಂದವಳೇ ಸೀರೆ ಎತ್ತಿಕಟ್ಟಿ, ಕುಂಡಿ ಊರಿ, ಕಣ್ಣು ಅರ್ಧ ಮುಚ್ಚಿ ಜಾರುತ್ತಾ ಇಳಿದುಬಿಟ್ಟೆ. ಕಾಲಿಗೆ ಮಣ್ಣು ಹತ್ತಿದ ಮೇಲೆ ಒಮ್ಮೆಯೂ ಹಿಂದೆ ನೋಡಲಿಲ್ಲ. ಬದುಕಿದೆಯಾ ಬಡಜೀವವೇ ಎಂದು ಮುಂದಿನವರ ಹಿಂದೆ ದಡದಡ ನಡೆದೆ.

ಕೆಳಗೆ ಮಾಸ್ತರು, "ಎಲ್ಲಾರೂ ಬಂದ್ರೇನ್ರೀ?" ಎಂದು ಕೇಳಿದರು. "ಬಂದ್ರು," ಅಂದೆ. ಕೊನೆಗೆ ಬರಬೇಕಾದವಳು ನಾನು, ನಾನು ಬಂದೆನೆಂದರೆ ಎಲ್ಲರೂ ಬಂದಂತೆಯೇ ಅಂದುಕೊಂಡೆ. ಅವರೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ.

ಹುಡುಗರು ಗದ್ದಲ ಮಾಡುತ್ತಾ ಬೂಟು ಹಾಕಿಕೊಂಡು ಎದ್ದರು. ಕಲ್ಲಿನ ಬಳಿ ಒಂದು ಜೊತೆ ಬೂಟು ಹಾಗೆಯೇ ಉಳಿದಿತ್ತು. ಒಂದಕ್ಕೆ ಲೇಸಿನ ಬದಲು ಬಿಳಿ ದಾರ ಕಟ್ಟಿತ್ತು. "ಟೀಚರ್, ಇವು ಕಡೀ ಬೆಂಚಿನಕೀವು," ಎಂದು ಯಾರೋ ಅಂದರು. ಅಜ್ಜ ಹೊತ್ತು ಎಷ್ಟಾಯಿತೆಂದು ನೋಡಿದ, ಆಮೇಲೆ ಕಾಡಿನ ಕಡೆ ನೋಡಿದ. ಈ ಕಾಡಿನಲ್ಲಿ ಕರಡಿ ಇವೆ ಎಂದು ಬೆಳಿಗ್ಗೆ ಅವನೇ ಹೇಳಿದ್ದು ನೆನಪಾಯಿತು.

ಮಾಸ್ತರು "ನಾ ಹೋಗ್ತೀನಿ ನಿಲ್ರಿ" ಅನ್ನುವಷ್ಟರಲ್ಲಿ ನಾನು ಹೊರಟಾಗಿತ್ತು. ಅಜ್ಜ ಕೋಲೂರುತ್ತಾ ಹಿಂದೆ ಬಂದ. ಹೆಸರು ಹಿಡಿದು ಕೂಗಬೇಕೆಂದರೆ ಬಾಯಿಯ ಪಸೆ ಆರಿ ದನಿಯೇ ಬರಲೊಲ್ಲದು. ಒಣ ಎಲೆ ಸರಕ್ಕೆಂದರೆ ಕರಡಿ. ಮೋಟು ಮರದ ಮೇಲಿನ ಕಪ್ಪು ಕಂಡರೆ ಅವಳ ಜಡೆ. ಬಂಡೆಯ ಎಡಗಡೆಯ ಆ ಖಾಲಿ ಜಾಗವೇ ಕಣ್ಣ ಮುಂದೆ. ಅಲ್ಲಿ ಕೆಳಗೆ ಏನಾದರೂ ಬಿದ್ದಿದ್ದರೆ? ಅವಳ ತಾಯಿಗೆ ಏನು ಹೇಳಲಿ? ಅಳುತ್ತಾ ಹತ್ತಿದೆ. ಅಂಗಾಲಿಗೆ ಮುಳ್ಳು ನೆಟ್ಟದ್ದು ಆಮೇಲೆ ಗೊತ್ತಾಯಿತು.

ಹುಡುಗಿ ಬಂಡೆಯ ತುದಿಯಲ್ಲಿ ಪೊದೆ ಹಿಡಿದು, ಕಾಲು ಮಡಚಿಕೊಂಡು ಕುಳಿತಿದ್ದಳು. ನಾನು ಬಿಟ್ಟ ಜಾಗದಲ್ಲೇ. ಗುಳಿಗೆ ಕಾಲಿಡುತ್ತಾ ಹೇಗೋ ಮೇಲೆ ಹೋಗಿ ಅವಳನ್ನು ಅಪ್ಪಿಕೊಂಡೆ. ಆಮೇಲೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ತಪ್ಪಿಲ್ಲದವರ ಮೇಲೇ.

"ಒಂದ ಸಲ ಕರದಿದ್ರ ಏನಾಗ್ತಿತ್ತ? ಯಾಕ ಕರೀಲಿಲ್ಲ?"

"ಹಿಂದಿನಿಂದ ಕರೀಬಾರದು ಅಂತ ನೀವ ಹೇಳಿದ್ರಿ ಅಲ್ರಿ," ಅಂದಳು. ಮತ್ತೆ ಅಂದಳು, "ನಿಮ್ಮ ಕೈ ಬಾಳ ನಡಗಾಕತ್ತಿದ್ವು ಟೀಚರ್. ನಾ ಕರದ್ರ ನೀವು ಹೊಳ್ಳಿ ನೋಡ್ತಿದ್ರಿ. ಬೀಳ್ತಿದ್ರಿ."

ನಾನು ಅಡಗಿಸಿಟ್ಟ ಹೆದರಿಕೆಯನ್ನು ಈ ಮಗು ಕಂಡಿತ್ತು. ಕಂಡು, ತನ್ನ ಹೆದರಿಕೆಯನ್ನು ಬಾಯಿ ಮುಚ್ಚಿ ನುಂಗಿಕೊಂಡು ಅಷ್ಟು ಹೊತ್ತು ಒಂಟಿಯಾಗಿ ಕುಳಿತಿತ್ತು.

ಬಂಡೆಗೆ ಮುಖ ಮಾಡಿ ನಾನು ಕೆಳಗೆ, ಅವಳು ಮೇಲೆ. ಅವಳ ಒಂದೊಂದೇ ಹಿಮ್ಮಡಿ ಹಿಡಿದು ಗುಳಿಯಲ್ಲಿ ಇಡುತ್ತಾ ಬಂದೆ. "ಈಗ ಕರಿ. ಪ್ರತಿ ಹೆಜ್ಜಿಗೂ ಕರಿ," ಅಂದೆ. ಟೀಚರ್, ಅನ್ನುತ್ತಿದ್ದಳು. ಹೂಂ, ಅನ್ನುತ್ತಿದ್ದೆ. ಕೆಳಗೆ ಅಜ್ಜ ಕೋಲೂರಿ ಕಾಯುತ್ತಿದ್ದ.

ಬಸ್ಸಿನಲ್ಲಿ ಮಾಸ್ತರು ನನ್ನ ಸೀಟಿನ ಕಡೆ ಬಗ್ಗಿ, "ಮನ್ಯಾಗ ಏನೂ ಹೇಳೂದು ಬ್ಯಾಡ್ರಿ. ಹುಡುಗಿ ಸಿಕ್ಕಳಲ್ಲ, ಮುಗೀತು," ಅಂದರು. ಖರೇ ಹೇಳುತ್ತೇನೆ, ಆ ಮಾತು ನನಗೆ ಸಕ್ಕರೆಯಷ್ಟು ಸಿಹಿಯಾಗಿ ಕೇಳಿಸಿತು. ಖಾನಾಪುರದಿಂದ ಅನಗೋಳದವರೆಗೂ ಅದನ್ನೇ ಚಪ್ಪರಿಸುತ್ತಾ ಬಂದೆ.

ಗೇಟಿನಲ್ಲಿ ಆ ತಾಯಿ ನಿಂತಿದ್ದಳು. ಮಗಳ ತಲೆ ಸವರಿ, ನನ್ನ ಕಡೆ ನೋಡಿ ನಕ್ಕಳು. "ಹಿಂದ ನೀವ ಇದ್ರಿ ಅಲ್ರಿ, ಅದಕ್ಕ ನಾ ಇವತ್ತ ಆರಾಮ ಇದ್ದೆ."

ಹುಡುಗಿ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದರೆ ಅವಳು ಜೀವಮಾನವಿಡೀ ಸುಮ್ಮನಿರುತ್ತಾಳೆಂದು ನನಗೆ ತಿಳಿದುಹೋಯಿತು.

"ಇರಲಿಲ್ರಿ," ಅಂದೆ. "ನನಗ ಅಂಜಿಕಿ ಆತು. ಇಕೀನ್ನ ಹಿಂದ ಬಿಟ್ಟು ನಾ ಮುಂದ ಬಂದೆ."

ಉಳಿದದ್ದನ್ನೂ ಹೇಳಿದೆ. ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳ ಬೂಟಿನ ಬಿಳಿ ದಾರ ಸಡಿಲಾಗಿತ್ತು. ಬಗ್ಗಿ ಅದನ್ನು ಬಿಗಿದಳು. ಆಮೇಲೆ ಮಗಳನ್ನು ಮುಂದೆ ಬಿಟ್ಟು ತಾನು ಹಿಂದೆ ನಡೆದು ಹೋದಳು.