ಆಷಾಢದ ಹೊಸ್ತಿಲು

ಹಗರೆ ಊರಿನ ಮುದ್ದಮ್ಮನ ಪಾಲಿಗೆ ಪ್ರತಿ ತಿಂಗಳೂ ಎರಡು ಸಲ ಶುರುವಾಗುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದನೇ ತಾರೀಖು ಬಂದಾಗ ಒಮ್ಮೆ, ಅಮಾವಾಸ್ಯೆ ಕಳೆದು ಪಾಡ್ಯ ಬಂದಾಗ ಇನ್ನೊಮ್ಮೆ. ಎರಡಕ್ಕೂ ಅವಳಲ್ಲಿ ಕಟ್ಟುಪಾಡುಗಳಿದ್ದವು. ತಿಂಗಳ ಮೊದಲ ದಿನ ಮನೆಯಿಂದ ಉಪ್ಪು, ಮೊಸರು ಆಚೆ ಹೋಗಕೂಡದು. ಖಾಲಿ ಬಿಂದಿಗೆ ಎದುರಾಗಕೂಡದು. ಯಾರ ಮೇಲೂ ರೇಗಕೂಡದು, ಅಳಲಂತೂ ಕೂಡದು. ಅವತ್ತು ಆದದ್ದೇ ತಿಂಗಳೆಲ್ಲ ಆಗುತ್ತದೆ. ಬಿದಿಗೆಯ ಚಂದ್ರ ಕಂಡರೆ ಸೆರಗಿನಿಂದ ಒಂದೆಳೆ ನೂಲು ಕಿತ್ತು ಅವನಿಗೆ ಒಪ್ಪಿಸಿ, ಆಮೇಲೆ ಮನಸ್ಸಿಗೆ ಬೇಕಾದವರ ಮುಖ ನೋಡಬೇಕು.

"ನನ್ ಮುಖ ಒಂದ್ ದಿನಾನೂ ನೋಡ್ಲಿಲ್ಲ ಕಣ್ರಪ್ಪ, ಹೋಗಿ ಹಸುನ ಮುಖ ನೋಡ್ತಾಳೆ" ಎಂದು ಅವಳ ಗಂಡ ರಾಮಣ್ಣ ಡೈರಿಯ ಮುಂದೆ ಹೇಳಿ ಜನರನ್ನು ನಗಿಸುತ್ತಿದ್ದ. ನಕ್ಕ ಜನರೇ ಸಂಜೆ ಸದ್ದಿಲ್ಲದೆ ಬಂದು, ಹೊಸ ಕರು ಯಾವತ್ತು ತರಲಿ, ಕೊಳವೆಬಾವಿ ಯಾವತ್ತು ಕೊರೆಸಲಿ ಎಂದು ಅವಳನ್ನು ಕೇಳಿಕೊಂಡು ಹೋಗುತ್ತಿದ್ದರು. ಊರಿನ ನಗೆ ಯಾವಾಗಲೂ ಅಷ್ಟೇ.

ಮುದ್ದಮ್ಮ ಹುಟ್ಟಿನಿಂದ ಹೀಗಿರಲಿಲ್ಲ. ಮಗ ಸಂತೋಷನ ಬೆನ್ನಿಗೆ ಅವಳಿಗೊಂದು ಹೆಣ್ಣು ಕೂಸು ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿತ್ತು. ಆ ತಿಂಗಳ ಮೊದಲ ದಿನ ತಾನು ಏನೋ ಒಂದು ತಪ್ಪಿರಬೇಕು ಎಂದು ಅವಳಿಗೆ ಅನಿಸಿಬಿಟ್ಟಿತು. ಏನು ತಪ್ಪಿದೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಯಾವುದೆಂದು ಗೊತ್ತಿಲ್ಲದ ಮೇಲೆ ಎಲ್ಲವನ್ನೂ ಪಾಲಿಸುವುದೇ ದಾರಿ ಎಂದುಕೊಂಡಳು. ಅವಳನ್ನು ಮೂಢಳು ಎಂದು ಆಡಿಕೊಂಡವರಿಗೆ ಈ ಸಂಗತಿ ಗೊತ್ತಿರಲಿಲ್ಲ.

ಆ ವೈಶಾಖದಲ್ಲಿ ಸಂತೋಷನಿಗೆ ಮದುವೆಯಾಯಿತು. ಹುಡುಗಿ ಅರಸೀಕೆರೆಯ ಗಾನವಿ. ಅಪ್ಪ ಅಮ್ಮ ಇಬ್ಬರೂ ಇಲ್ಲದೆ ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು. ಧಾರೆ ಎರೆದು ಕೈ ತೊಳೆದುಕೊಂಡ ಚಿಕ್ಕಪ್ಪ ಆಮೇಲೆ ಫೋನನ್ನೂ ಎತ್ತಲಿಲ್ಲ. ಹುಡುಗಿ ಮೊದಮೊದಲು ಈ ಮನೆಯಲ್ಲೂ ಊಟಕ್ಕೆ ಕರೆದರೆ ಮಾತ್ರ ಬರುತ್ತಿದ್ದಳು, ಎರಡನೇ ಸಲ ಸಾರು ಕೇಳುತ್ತಿರಲಿಲ್ಲ. ಕೇಳಿದರೆ ಯಾರಾದರೂ ಮುಖ ಸಿಂಡರಿಸುತ್ತಾರೆ ಎಂಬ ಭಯ ಅವಳ ಮೈಯಲ್ಲೇ ಕೂತಿತ್ತು. ಮುದ್ದಮ್ಮ ಅದನ್ನು ಗಮನಿಸಿದಳು. ಒಂದು ದಿನ ಮುದ್ದೆಯ ತಟ್ಟೆಯ ಮುಂದೆ ಕೂರಿಸಿ, "ಇದು ನಿನ್ ಮನೆ ಕಣವ್ವ. ಬೇಕಾದ್ದ ಬಾಯ್ಬಿಟ್ ಕೇಳು. ನಾ ಇಲ್ಲ ಅನ್ನಾಕಿಲ್ಲ" ಎಂದಳು. ಆಮೇಲಾಮೇಲೆ ಗಾನವಿ ಕೇಳಲು ಕಲಿತಳು. ಅತ್ತೆ, ತಲೆಗೆ ಎಣ್ಣೆ ಹಚ್ಚಿ. ಅತ್ತೆ, ಹಳೇಬೀಡಿಗೆ ಹೋಗಿ ಬಳೆ ತೊಟ್ಕೊಂಡ್ ಬರೋಣ. ಆ ಒಂದೊಂದು ಕೇಳಿಕೆಗೂ ಮುದ್ದಮ್ಮ ಉಬ್ಬಿ ಹೋಗುತ್ತಿದ್ದಳು.

ಜ್ಯೇಷ್ಠ ಮುಗಿಯುತ್ತ ಬಂದಾಗ ಗಾನವಿ ಮುಟ್ಟಾಗಿರಲಿಲ್ಲ. ಅದನ್ನು ಗಂಡನಿಗಿಂತ ಮೊದಲು ಅತ್ತೆಯ ಕಿವಿಯಲ್ಲಿ ಹೇಳಿದಳು. ಮುದ್ದಮ್ಮನ ಖುಷಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಎದುರಿಗೆ ಆಷಾಢ ನಿಂತಿತ್ತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ತುಳಿಯಬಾರದು. ಎಲ್ಲರ ಮನೆಯ ಸೊಸೆಯರೂ ತವರಿಗೆ ಹೋಗುತ್ತಾರೆ. ತವರೇ ಇಲ್ಲದವಳನ್ನು ಎಲ್ಲಿಗೆ ಕಳಿಸುವುದು?

"ಅವಳು ಯಾಕ್ ಹೋಗ್ಬೇಕು? ನಾನೇ ಹೋಯ್ತೀನಿ" ಎಂದು ಕೊನೆಗೆ ಮುದ್ದಮ್ಮ ತೀರ್ಮಾನ ಕೊಟ್ಟಳು. ಎದುರು ಮನೆಯ ಸಾವಿತ್ರಮ್ಮ ಒಂಟಿ ಹೆಂಗಸು. ಅಲ್ಲಿ ಒಂದು ತಿಂಗಳು ಮಲಗಿದರಾಯಿತು. ಹಾಲು ಕರೆಯಲು ಅಂಗಳಕ್ಕೆ ಬರಬಹುದು, ಜಗುಲಿಯ ಮೇಲೆ ಕೂರಬಹುದು, ಹೊಸ್ತಿಲು ಮಾತ್ರ ದಾಟುವಂತಿಲ್ಲ. ಹೊಸ ಜೋಡಿಯೂ ಆ ತಿಂಗಳು ಒಟ್ಟಿಗೆ ಮಲಗಬಾರದೆಂದು ಅದೇ ಏಟಿಗೆ ಮಗನ ಹಾಸಿಗೆಯೂ ಜಗುಲಿಗೆ ಬಂತು. ಮನೆಯೊಡತಿಯೇ ಸೊಸೆಗಾಗಿ ಮನೆ ಬಿಟ್ಟದ್ದನ್ನು ಊರು ಕಂಡಿರಲಿಲ್ಲ. ಅಮಾವಾಸ್ಯೆಯ ಸಂಜೆ ಅವಳು ಸೀರೆಯ ಗಂಟು ಹಿಡಿದು ಹೊರಟಾಗ ಗಾನವಿ ಸೆರಗು ಹಿಡಿದುಕೊಂಡಳು.

"ಹೋಗ್ಬೇಡಿ ಅತ್ತೆ. ನಂಗೆ ಇದೆಲ್ಲ ನಂಬಿಕೆ ಇಲ್ಲ."

"ನಿಂಗ್ ಬ್ಯಾಡ ಕಣವ್ವ, ಹೊಟ್ಟೆನಾಗಿರಾದಕ್ಕೆ ಬೇಕು. ಎಲ್ಗೂ ಹೋಯ್ತಿಲ್ಲ ನಾನು, ಕೂಗಿದ್ರೆ ಬತ್ತೀನಿ."

ಮಾರನೆಯ ದಿನ ಪಾಡ್ಯ. ಸಂತೋಷ್ ಬೆಳಿಗ್ಗೆಯೇ ತೆಂಗಿನಕಾಯಿ ತುಂಬಿಕೊಂಡು ಅರಸೀಕೆರೆಗೆ ಹೋಗಿದ್ದ. ರಾಮಣ್ಣ ಹೊಲದಲ್ಲಿದ್ದ. ಸಾವಿತ್ರಮ್ಮ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಗಿದ್ದಳು. ಮುದ್ದಮ್ಮ ತನ್ನ ಅಂಗಳದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಒಳಗೆ ಏನೋ ಬಿದ್ದ ಸದ್ದಾಯಿತು.

"ಅತ್ತೇ, ಬನ್ನಿ!"

ಮುದ್ದಮ್ಮ ಬಾಗಿಲಿಗೆ ಓಡಿದಳು. ನಡುಮನೆಯಲ್ಲಿ ಗಾನವಿ ಕಂಬಕ್ಕೆ ಒರಗಿ ಕುಸಿದಿದ್ದಳು. ಲಂಗ ನೆನೆದಿತ್ತು, ನೆಲದ ಮೇಲೂ ರಕ್ತ. ಮುದ್ದಮ್ಮನ ಕಾಲು ಎದ್ದಿತು, ಹೊಸ್ತಿಲ ಮೇಲೆ ಬಂತು, ಅಲ್ಲೇ ನಿಂತಿತು. ಇವತ್ತೇ ಮೊದಲ ದಿನ. ಇವತ್ತು ದಾಟಿದರೆ ಉಳಿಯುವ ಮಗುವೂ ಹೋದೀತು. ತನ್ನ ಕೂಸು ಹೋದಾಗ ಏನು ತಪ್ಪಿದ್ದಳೋ ಗೊತ್ತಿರಲಿಲ್ಲ. ಈಗ ಗೊತ್ತಿದ್ದೂ ತಪ್ಪುವುದೇ?

"ಅತ್ತೆ, ಕೈ ಕೊಡಿ. ಭಯ ಆಗ್ತಿದೆ."

"ಬಂದೆ ಕಣವ್ವ, ತಡಿ, ಅಲ್ಲಾಡಬ್ಯಾಡ. ಸಾವಿತ್ರಮ್ಮುನ್ನ ಕರ್ಕೊಂಡ್ ಬತ್ತೀನಿ."

"ಬೇಡ, ನೀವೇ ಬನ್ನಿ. ಕೈ ಕೊಡಿ ಅತ್ತೆ, ಕೈ."

ಮುದ್ದಮ್ಮ ಚೌಕಟ್ಟು ಹಿಡಿದು ಬಗ್ಗಿ ತೋಳು ಚಾಚಿದಳು. ಎಟುಕಲಿಲ್ಲ. ಆಗ ಅವಳು ತಿರುಗಿ ಓಡಿದಳು. ಬೀದಿಯುದ್ದಕ್ಕೂ ಕೂಗುತ್ತ, ಸೆರಗು ನೆಲಕ್ಕೆ ಎಳೆಯುತ್ತ ಡೈರಿಯವರೆಗೆ ಓಡಿದಳು. ಎಲ್ಲ ದೇವರನ್ನೂ ಕರೆದಳು. ತಾನು ಮಾಡುತ್ತಿರುವುದು ಸರಿಯೆಂದು ಅವಳಿಗೆ ಆಗ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸಾವಿತ್ರಮ್ಮನೂ ಇನ್ನಿಬ್ಬರು ಹೆಂಗಸರೂ ಓಡಿ ಬಂದಾಗ ಗಾನವಿ ಕಂಬದ ಹತ್ತಿರ ಇರಲಿಲ್ಲ. ನೆಲದ ಮೇಲೆ ತೆವಳಿಕೊಂಡು ಬಾಗಿಲವರೆಗೂ ಬಂದು, ಒಂದು ಕೈಯನ್ನು ಹೊಸ್ತಿಲಿನಾಚೆ ಚಾಚಿ, ಎಚ್ಚರ ತಪ್ಪಿ ಬಿದ್ದಿದ್ದಳು.

ಹಾಸನದ ಆಸ್ಪತ್ರೆಯಲ್ಲಿ ಹುಡುಗಿ ಉಳಿದಳು. ಮಗು ಉಳಿಯಲಿಲ್ಲ. ಡಾಕ್ಟರಮ್ಮ ಒಳ್ಳೆಯವರು. ಸಂತೋಷನನ್ನೂ ಮುದ್ದಮ್ಮನನ್ನೂ ಕೂರಿಸಿಕೊಂಡು, ಮೊದಲ ತಿಂಗಳುಗಳಲ್ಲಿ ಹೀಗಾಗುವುದುಂಟು, ಯಾರು ಏನು ಮಾಡಿದ್ದರೂ ಇದು ನಿಲ್ಲುತ್ತಿರಲಿಲ್ಲ, ಇದರಲ್ಲಿ ಯಾರದೂ ತಪ್ಪಿಲ್ಲ ಎಂದರು. ಸಂತೋಷ್ ಕಣ್ಣೊರೆಸಿಕೊಂಡು ತಲೆಯಾಡಿಸಿದ. ಮುದ್ದಮ್ಮನಿಗೆ ಎದೆಯೇ ಒಡೆಯಿತು. ದಾಟಿದ್ದರೂ ಮಗು ಹೋಗುತ್ತಿತ್ತು, ದಾಟದಿದ್ದರೂ ಹೋಯಿತು. ಹಾಗಾದರೆ ಆ ಹುಡುಗಿಯನ್ನು ಒಬ್ಬಳೇ ನೆಲದ ಮೇಲೆ ಬಿಟ್ಟು ತಾನು ಕಾಪಾಡಿದ್ದು ಏನನ್ನು?

ಆಸ್ಪತ್ರೆಯಲ್ಲಿ ಗಾನವಿ ಅತ್ತೆಯ ಜೊತೆ ಜಗಳವಾಡಲಿಲ್ಲ. ಗಂಜಿ ಕೊಟ್ಟರೆ ಕುಡಿದಳು. ಇನ್ನಷ್ಟು ಬೇಕೇ ಎಂದರೆ ಸಾಕು ಎಂದಳು. ನೀರು ಬೇಕಾದಾಗ ತಾನೇ ಎದ್ದು ಗೋಡೆ ಹಿಡಿದುಕೊಂಡು ಹೋಗಿ ತಂದುಕೊಂಡಳು. ಮುದ್ದಮ್ಮ ಪಕ್ಕದಲ್ಲೇ ಕೂತಿದ್ದಳು.

ಮನೆಗೆ ಕರೆತಂದ ದಿನ ಮುದ್ದಮ್ಮ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಇನ್ನು ಯಾವ ತಿಂಗಳ ಲೆಕ್ಕವೂ ಬೇಡ, ಯಾವ ಶಾಸ್ತ್ರವೂ ಬೇಡ. ಒಳಗೆ ಹೋಗಿ ಹುಡುಗಿಗೆ ಬಿಸಿನೀರು ಹಾಕಿ, ತೊಡೆಯ ಮೇಲೆ ತಲೆ ಇಟ್ಟುಕೊಂಡು, ಜೊತೆಗೆ ಅತ್ತುಬಿಡಬೇಕು. ಸಂತೋಷ್ ಹೆಂಡತಿಯನ್ನು ನಡೆಸಿಕೊಂಡು ಒಳಗೆ ಹೋದ. ಮುದ್ದಮ್ಮ ಹಿಂದೆಯೇ ಹೋಗಿ ಹೊಸ್ತಿಲ ಮೇಲೆ ಕಾಲಿಟ್ಟಳು.

ಗಾನವಿ ತಿರುಗಿ ನೋಡಿದಳು.

"ಆಷಾಢ ಇನ್ನೂ ಮುಗಿದಿಲ್ಲ ಅತ್ತೆ."

"ಅದೆಲ್ಲಾ ಬ್ಯಾಡ ಕಣವ್ವ ಇನ್ಮ್ಯಾಕೆ. ನಾ ತಪ್ ಮಾಡ್ದೆ. ಒಳೀಕ್ ಬತ್ತೀನಿ ಕಣೆ."

"ಡಾಕ್ಟ್ರು ನಿಮ್ ತಪ್ಪಿಲ್ಲ ಅಂದ್ರಲ್ಲ. ಮಗು ಹೇಗಿದ್ರೂ ಹೋಗ್ತಿತ್ತಂತೆ. ನಂಗೆ ಅದಕ್ಕೆ ಸಿಟ್ಟಿಲ್ಲ." ಅವಳ ದನಿ ಮೆತ್ತಗಿತ್ತು, ಮದುವೆಯಾಗಿ ಬಂದ ಹೊಸದರಲ್ಲಿ ಇದ್ದ ಹಾಗೆ. "ಬಾಯ್ಬಿಟ್ ಕೇಳು ಅಂದಿದ್ರಿ. ಕೈ ಒಂದು ಕೇಳ್ದೆ. ಇನ್ನೇನೂ ಕೇಳಲ್ಲ ಅತ್ತೆ. ನೀವು ಆಚೆನೇ ಇರಿ."

ಸಂತೋಷ್ ಏನೋ ಹೇಳಲು ಬಾಯಿ ತೆರೆದ. ಮುದ್ದಮ್ಮ ಬೇಡವೆಂದು ಕೈಯಲ್ಲೇ ಸನ್ನೆ ಮಾಡಿದಳು. ಹೊಸ್ತಿಲ ಮೇಲಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಬಂದು ಜಗುಲಿಯ ಮೇಲೆ ಕೂತಳು. ಸಾವಿತ್ರಮ್ಮ ಎದುರು ಮನೆಯಿಂದ ಊಟಕ್ಕೆ ಕರೆದಳು. ಮುದ್ದಮ್ಮ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಗಾನವಿ ಅಳುವುದು ಕೇಳಿಸಿತು. ಬಾಗಿಲು ತೆರೆದೇ ಇತ್ತು. ಮುದ್ದಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ಸದ್ದು ಮಾಡದೆ, ಆ ಅಳು ನಿಲ್ಲುವವರೆಗೂ ಅಲ್ಲೇ ಕೂತಿದ್ದಳು.